ಆನರ್ಸ್‌ಗಾಗಿ ಕ್ಲಿನಿಕ್ ಬಿಡಬೇಕೆ?

ಪ್ರಶ್ನೆ: ಅಮೆರಿಕದ ಲಾ ಸ್ಕೂಲೊಂದರಲ್ಲಿ ಜೆ.ಡಿ. (ಮೂರು ವರ್ಷದ ಕಾನೂನು ಪದವಿ) ಎರಡನೇ ವರ್ಷ ಓದುತ್ತಿದ್ದೇನೆ, ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿದ್ದೇನೆ. ಪದವಿಗೆ 88 ಕ್ರೆಡಿಟ್ ಬೇಕು. 45 ಮುಗಿದಿವೆ, ಜಿಪಿಎ (ಗ್ರೇಡ್‌ಗಳ ಸರಾಸರಿ) 3.42. ನಮ್ಮಲ್ಲಿ ತರಗತಿಯ ಮೇಲಿನ ಮೂರನೇ ಒಂದು ಭಾಗದವರಿಗೆ ಕಮ್ ಲಾಡೆ ಎಂಬ ಆನರ್ಸ್ ಗೌರವ ಕೊಡುತ್ತಾರೆ. ಹೋದ ವರ್ಷ ಆ ಗೆರೆ 3.50ರ ಹತ್ತಿರ ಇತ್ತು. ಮುಂದಿನ ಸೆಮಿಸ್ಟರ್‌ಗೆ ವಲಸೆ ಕಾನೂನಿನ ಕ್ಲಿನಿಕ್‌ನಲ್ಲಿ ಸೀಟು ಸಿಕ್ಕಿದೆ; ಮೇಲ್ವಿಚಾರಣೆಯಡಿ ವಿದ್ಯಾರ್ಥಿಗಳೇ ನಿಜವಾದ ಕಕ್ಷಿದಾರರ ಕೆಲಸ ಮಾಡುವ ಕೋರ್ಸ್ ಅದು. ಆರು ಕ್ರೆಡಿಟ್, ಆದರೆ ಗ್ರೇಡ್ ಇಲ್ಲ, ಪಾಸ್ ಅಥವಾ ಫೇಲ್ ಅಷ್ಟೆ. ಕೆಲಸ ವಿಪರೀತ ಎನ್ನುತ್ತಾರೆ ಸೀನಿಯರ್‌ಗಳು. ಅದನ್ನು ಬಿಟ್ಟು ಒಳ್ಳೆಯ ಗ್ರೇಡ್ ಸುಲಭವಾಗಿ ಸಿಗುವ ಕೋರ್ಸ್‌ಗಳನ್ನು ತೆಗೆದುಕೊಂಡರೆ ಆನರ್ಸ್ ಸಿಗಬಹುದು. ಇಷ್ಟು ಸಾಲ ಮಾಡಿ ಓದಿ ಆನರ್ಸ್ ಬರದಿದ್ದರೆ ಹೇಗೆ ಎಂದು ಮನೆಯಲ್ಲೂ ಕೇಳುತ್ತಿದ್ದಾರೆ. ಬೇಸಿಗೆಗೆ ಒಂದು ಮಧ್ಯಮ ಗಾತ್ರದ ಲಾ ಫರ್ಮ್‌ನಲ್ಲಿ ಸಮ್ಮರ್ ಅಸೋಸಿಯೇಟ್ ಆಗಿ ಸೇರಲಿದ್ದೇನೆ. ಮುಂದೆ ಫೆಡರಲ್ ನ್ಯಾಯಾಧೀಶರೊಬ್ಬರ ಬಳಿ ಕ್ಲರ್ಕ್, ಅಂದರೆ ತೀರ್ಪಿನ ಸಂಶೋಧನೆ, ಕರಡುಗಳಲ್ಲಿ ನೆರವಾಗುವ ಕಿರಿಯ ವಕೀಲ, ಆಗುವ ಆಸೆ ಇದೆ. ಏನು ಮಾಡಲಿ?

ಉತ್ತರ: ಕ್ಲಿನಿಕ್ ಬಿಡಬೇಡಿ. ಇಷ್ಟು ಖಚಿತವಾಗಿ ಹೇಳಲು ಕಾರಣ ನೀವೇ ಕೊಟ್ಟ ಅಂಕಿಗಳಲ್ಲಿದೆ. ಮೊದಲು ಆ ಲೆಕ್ಕ ಮಾಡೋಣ.

ನಿಮಗೆ ಇನ್ನು 43 ಕ್ರೆಡಿಟ್ ಬಾಕಿ. ಕ್ಲಿನಿಕ್ ಬಿಟ್ಟು ಅಷ್ಟಕ್ಕೂ ಗ್ರೇಡ್ ತೆಗೆದುಕೊಂಡರೆ, ಕೊನೆಗೆ 3.50 ಮುಟ್ಟಲು ಆ 43ರಲ್ಲಿ ಸರಾಸರಿ 3.58 ಬರಬೇಕು. ಕ್ಲಿನಿಕ್ ಸೇರಿದರೆ ಗ್ರೇಡ್ ಇರುವ ಕ್ರೆಡಿಟ್‌ಗಳು 37ಕ್ಕೆ ಇಳಿಯುತ್ತವೆ, ಆಗ ಬೇಕಾಗುವ ಸರಾಸರಿ 3.60. ವ್ಯತ್ಯಾಸ 0.02. ನಿಮ್ಮ ಮುಂದಿರುವ ನಿಜವಾದ ಏರು 3.42ರಿಂದ 3.6ಕ್ಕೆ ಹತ್ತುವುದು. ಕ್ಲಿನಿಕ್ ಇದ್ದರೂ ಇಲ್ಲದಿದ್ದರೂ ಆ ಏರು ಹೆಚ್ಚುಕಡಿಮೆ ಅಷ್ಟೇ ಕಡಿದು. ಕ್ಲಿನಿಕ್‌ನ ಕೆಲಸ ಬೇರೆ ಕೋರ್ಸ್‌ಗಳ ಓದಿನ ಸಮಯವನ್ನು ತಿನ್ನುತ್ತದೆ ಎಂಬ ಮಾತು ನಿಜ. ಅದಕ್ಕೆ ಪರಿಹಾರ ಆ ಸೆಮಿಸ್ಟರ್‌ನಲ್ಲಿ ಉಳಿದ ಕೋರ್ಸ್‌ಗಳನ್ನು ಕಡಿಮೆ ಇಟ್ಟುಕೊಳ್ಳುವುದು.

ಇನ್ನೊಂದು ವಿಷಯ ನಿಮ್ಮ ಗಮನಕ್ಕೆ ಬಂದಂತಿಲ್ಲ. ಅಮೆರಿಕನ್ ಬಾರ್ ಅಸೋಸಿಯೇಷನ್ ಮಾನ್ಯತೆ ಕೊಟ್ಟ ಪ್ರತಿ ಲಾ ಸ್ಕೂಲ್‌ನಲ್ಲೂ ಜೆ.ಡಿ. ವಿದ್ಯಾರ್ಥಿ ಕನಿಷ್ಠ ಆರು ಕ್ರೆಡಿಟ್‌ನಷ್ಟು ಪ್ರಾಯೋಗಿಕ ಕಲಿಕೆ ಮಾಡಲೇಬೇಕು. ಅದು ಕ್ಲಿನಿಕ್ ಆಗಬಹುದು, ಹೊರಗಿನ ಕಚೇರಿಯಲ್ಲಿ ಫೀಲ್ಡ್ ಪ್ಲೇಸ್‌ಮೆಂಟ್ ಆಗಬಹುದು, ವಾದದ ಅಭ್ಯಾಸ ಮಾಡಿಸುವ ಸಿಮ್ಯುಲೇಶನ್ ಕೋರ್ಸ್ ಆಗಬಹುದು. ನೀವು ಅದನ್ನು ಇನ್ನೂ ಮುಗಿಸಿಲ್ಲದಿದ್ದರೆ ಈ ಆರು ಕ್ರೆಡಿಟ್ ಹೇಗೂ ಎಲ್ಲೋ ಒಂದು ಕಡೆ ಹೋಗಲೇಬೇಕು. ಕ್ಲಿನಿಕ್ ಒಂದೇ ಏಟಿಗೆ ಆ ಬಾಕಿ ತೀರಿಸುತ್ತದೆ.

ಸುಲಭದ ಕೋರ್ಸ್‌ಗಳ ಉಪಾಯ ನೀವು ಎಣಿಸಿದಷ್ಟು ಫಲ ಕೊಡುವುದೂ ಇಲ್ಲ. ಮೊದಲ ವರ್ಷದಲ್ಲಿ ಎಲ್ಲರಿಗೂ ಒಂದೇ ಪಾಠ, ಒಂದೇ ಬಿಗಿಯಾದ ಕರ್ವ್, ಅಂದರೆ ಯಾವ ಗ್ರೇಡ್ ಎಷ್ಟು ಜನರಿಗೆ ಎಂಬ ಮಿತಿ. ಎರಡು-ಮೂರನೇ ವರ್ಷದ ಸೆಮಿನಾರ್‌ಗಳಲ್ಲಿ ಕರ್ವ್ ಸಡಿಲ, ಗ್ರೇಡ್ ಧಾರಾಳ. ಆದರೆ ಆ ಧಾರಾಳ ನಿಮ್ಮ ಸಹಪಾಠಿಗಳಿಗೂ ಸಿಗುತ್ತದೆ. ಗೌರವ ನಿಂತಿರುವುದು ಸ್ಥಾನದ ಮೇಲೆ, ಮೂರನೇ ಒಂದು ಭಾಗದ ಮೇಲೆ. ಎಲ್ಲರ ಜಿಪಿಎ ಏರಿದರೆ ಗೆರೆಯೂ ಏರುತ್ತದೆ. ಹೋದ ವರ್ಷದ 3.50 ನಿಮ್ಮ ವರ್ಷಕ್ಕೆ 3.53 ಆಗಬಹುದು.

ಇಲ್ಲಿಗೆ ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತು. ಅದರ ಹಿಂದಿರುವ ದೊಡ್ಡ ಪ್ರಶ್ನೆ, ಈ ಆನರ್ಸ್‌ಗೆ ನಿಜಕ್ಕೂ ಬೆಲೆ ಎಷ್ಟು ಎಂಬುದು. ಅದಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕು, ಯಾಕೆಂದರೆ ಅಮೆರಿಕದ ಕಾನೂನು ವೃತ್ತಿಯಲ್ಲಿ ಗ್ರೇಡ್‌ಗೆ ಇರುವಷ್ಟು ತೂಕ ಬೇರೆ ಹೆಚ್ಚಿನ ವೃತ್ತಿಗಳಲ್ಲಿ ಇಲ್ಲ. ಆ ತೂಕ ಬೀಳುವ ಹೊತ್ತು ಮಾತ್ರ ಎಲ್ಲರೂ ಭಾವಿಸುವ ಹೊತ್ತಲ್ಲ.

ಕಮ್ ಲಾಡೆ, ಮ್ಯಾಗ್ನಾ ಕಮ್ ಲಾಡೆ, ಸಮ್ಮಾ ಕಮ್ ಲಾಡೆ: ಒಂದಕ್ಕಿಂತ ಒಂದು ಮೇಲಿನ ಈ ಗೌರವಗಳು ಘೋಷಣೆ ಆಗುವುದು ಮೂರನೇ ವರ್ಷದ ಕೊನೆಯಲ್ಲಿ. ದೊಡ್ಡ ಲಾ ಫರ್ಮ್‌ಗಳು ಆಯ್ಕೆ ಮುಗಿಸುವುದು ಅದಕ್ಕೂ ಎರಡು ವರ್ಷ ಮೊದಲು. ಹಿಂದೆ ಎರಡನೇ ವರ್ಷದ ಹೊಸ್ತಿಲಲ್ಲಿ, ಆಗಸ್ಟ್ ತಿಂಗಳಲ್ಲಿ ಕ್ಯಾಂಪಸ್ ಸಂದರ್ಶನ ನಡೆಯುತ್ತಿತ್ತು. ಈಗ ಅದು ಇನ್ನೂ ಮುಂಚೆ ಬಂದಿದೆ. ಮೊದಲ ವರ್ಷದ ಪರೀಕ್ಷೆ ಮುಗಿಯುತ್ತಿದ್ದಂತೆ, ಕೆಲವು ಕಡೆ ಮೊದಲ ಸೆಮಿಸ್ಟರ್‌ನ ಗ್ರೇಡ್ ಒಂದನ್ನೇ ನೋಡಿ, ಫರ್ಮ್‌ಗಳು ಮುಂದಿನ ಬೇಸಿಗೆಗೆ ಆಹ್ವಾನ ಕೊಡುತ್ತವೆ. ಆ ಬೇಸಿಗೆಯಲ್ಲಿ ಕೆಲಸ ಮಾಡಿದವರಲ್ಲಿ ಬಹುಪಾಲು ಜನರಿಗೆ ಅಲ್ಲೇ ಖಾಯಂ ಕೆಲಸ ಸಿಗುತ್ತದೆ. 2023ರ ಕೊನೆಯಿಂದ ದೊಡ್ಡ ಫರ್ಮ್‌ಗಳಲ್ಲಿ ಹೊಸಬರ ಮೂಲ ಸಂಬಳ ವರ್ಷಕ್ಕೆ 2,25,000 ಡಾಲರ್. ಅಷ್ಟು ದೊಡ್ಡ ತೀರ್ಮಾನ ಕಾಂಟ್ರ್ಯಾಕ್ಟ್ಸ್, ಟಾರ್ಟ್ಸ್, ಸಿವಿಲ್ ಪ್ರೊಸೀಜರ್‌ನಂಥ ಕೆಲವೇ ಪರೀಕ್ಷೆಗಳ ಮೇಲೆ ಆಗಿಬಿಡುತ್ತದೆ. ಇದು ನ್ಯಾಯವೇ ಎಂದು ಕೇಳಿದರೆ, ಅಲ್ಲ ಎಂದೇ ಹೇಳುತ್ತೇನೆ. ಕಾನೂನನ್ನು ಯೋಚಿಸುವ ಬಗೆ ಕೆಲವರಿಗೆ ಮೂರನೇ ತಿಂಗಳಿಗೆ ಹಿಡಿಸುತ್ತದೆ, ಕೆಲವರಿಗೆ ಹದಿಮೂರನೇ ತಿಂಗಳಿಗೆ. ಎರಡನೆಯವರು ಕೆಟ್ಟ ವಕೀಲರೇನೂ ಆಗುವುದಿಲ್ಲ. ಆದರೂ ವ್ಯವಸ್ಥೆ ಇರುವುದು ಹೀಗೆ. ನಿಮ್ಮ ಸಮ್ಮರ್ ಕೆಲಸ ಈಗಾಗಲೇ ನಿಶ್ಚಯವಾಗಿದೆ. ಆ ಫರ್ಮ್ ನಿಮ್ಮನ್ನು ಉಳಿಸಿಕೊಳ್ಳುವುದು ಬೇಸಿಗೆಯಲ್ಲಿ ನೀವು ಬರೆಯುವ ಮೆಮೊಗಳನ್ನು ನೋಡಿ. ಪದವಿಯ ದಿನ ಪ್ರಮಾಣಪತ್ರದ ಮೇಲೆ ಅಚ್ಚಾಗುವ ಎರಡು ಲ್ಯಾಟಿನ್ ಪದಗಳಿಗೆ ಅಲ್ಲಿ ಕೆಲಸವಿಲ್ಲ.

ಇನ್ನು ಆ ಪದಗಳ ಅಳತೆ. ಒಂದು ಶಾಲೆಯ ಆನರ್ಸ್ ಇನ್ನೊಂದರದ್ದಕ್ಕೆ ಸಮವಲ್ಲ. ಜಾರ್ಜ್‌ಟೌನ್‌ನಲ್ಲಿ ಮೇಲಿನ ಶೇ. 10ರೊಳಗಿನವರಿಗೆ ಮ್ಯಾಗ್ನಾ, ಮೂರನೇ ಒಂದು ಭಾಗದೊಳಗಿನವರಿಗೆ ಕಮ್ ಲಾಡೆ. ಹಾರ್ವರ್ಡ್‌ನಲ್ಲಿ ಸಮ್ಮಾ ಅತಿ ಅಪರೂಪ. ಅದರ ಕೆಳಗಿನ ಶೇ. 10 ಮ್ಯಾಗ್ನಾ, ಆಮೇಲಿನ ಶೇ. 30 ಕಮ್ ಲಾಡೆ. ಅಂದರೆ ಹತ್ತರಲ್ಲಿ ನಾಲ್ವರು ಯಾವುದೋ ಒಂದು ಗೌರವದೊಡನೆ ಹೊರಬರುತ್ತಾರೆ. ಕೊಲಂಬಿಯಾದ್ದು ಬೇರೆ ದಾರಿ. ಅಲ್ಲಿ ಒಂದು ವರ್ಷದಲ್ಲಿ 3.8 ಸರಾಸರಿ ಮಾಡಿದವರನ್ನು ಜೇಮ್ಸ್ ಕೆಂಟ್ ಸ್ಕಾಲರ್ ಎನ್ನುತ್ತಾರೆ, ಅದರ ಕೆಳಗಿನ ಮೆಟ್ಟಿಲಲ್ಲಿ ಹಾರ್ಲನ್ ಫಿಸ್ಕ್ ಸ್ಟೋನ್ ಸ್ಕಾಲರ್. ವರ್ಷ ವರ್ಷ ಕೊಡುವುದರಿಂದ ಇವು ಕೆಲಸ ಹುಡುಕುವ ಹೊತ್ತಿಗೇ ಕೈಯಲ್ಲಿರುತ್ತವೆ. ಪದವಿಯ ದಿನದ ಗೌರವಕ್ಕಿಂತ ಇಂಥದ್ದಕ್ಕೆ ಉಪಯೋಗ ಹೆಚ್ಚು ಎಂದು ನನ್ನ ಅಭಿಪ್ರಾಯ. ಷಿಕಾಗೊದಲ್ಲಿ ಗ್ರೇಡ್‌ಗಳು 155ರಿಂದ 186ರವರೆಗೆ, ನಡುವಿನ ಗೆರೆ 177, ಆನರ್ಸ್‌ಗೆ 179. ಎರಡೇ ಅಂಕದ ಆ ಅಂತರ ಎಷ್ಟು ದೂರ ಎಂದು ಅಲ್ಲಿ ಓದಿದವರಿಗಷ್ಟೇ ಗೊತ್ತು. ಯೇಲ್‌ನಲ್ಲಿ ಮೊದಲ ಸೆಮಿಸ್ಟರ್‌ಗೆ ಗ್ರೇಡೇ ಇಲ್ಲ, ಆಮೇಲೂ ತರಗತಿಯಲ್ಲಿ ಎಷ್ಟನೆಯವರು ಎಂಬ ಲೆಕ್ಕವಿಲ್ಲ. ಅಲ್ಲಿಂದ ಬಂದವರಿಗೆ ಶಾಲೆಯ ಹೆಸರೇ ಸಾಕಾಗುತ್ತದೆ.

ಇದರಿಂದ ಒಂದು ವಿಷಯ ಗೊತ್ತಾಗುತ್ತದೆ. ಶಾಲೆಯ ಹೆಸರು ದೇಶದಾದ್ಯಂತ ಗೊತ್ತಿದ್ದರೆ ಆನರ್ಸ್ ಇಲ್ಲದಿದ್ದರೂ ಬಾಗಿಲು ತೆರೆಯುತ್ತದೆ. ಪ್ರಾದೇಶಿಕ ಶಾಲೆಯಿಂದ ಬರುವವರಿಗೆ ತರಗತಿಯ ಸ್ಥಾನವೇ ಬಾಗಿಲು. ಅಲ್ಲಿ ಮೊದಲ ಹತ್ತು ಮಂದಿಯಲ್ಲಿ ಇರುವುದಕ್ಕೂ ನಡುವಿನಲ್ಲಿ ಇರುವುದಕ್ಕೂ ಬದುಕಿನ ದಾರಿಯೇ ಬೇರೆಯಾಗುವಷ್ಟು ಅಂತರ ಇರುತ್ತದೆ. ನಿಮ್ಮ ಶಾಲೆ ಯಾವುದೆಂದು ನೀವು ಬರೆದಿಲ್ಲ, ಹಾಗಾಗಿ ಈ ತೂಕವನ್ನು ನೀವೇ ಹಾಕಿ ನೋಡಬೇಕು. ಒಂದಂತೂ ನಿಜ: ಮೇಲಿನ ಶೇ. 10 ಎಂಬ ಗೆರೆಯನ್ನು ಎಲ್ಲರೂ ಗುರುತಿಸುತ್ತಾರೆ. ಮೂರನೇ ಒಂದು ಭಾಗ ಎಂಬುದು ಓದುವವರ ಕಣ್ಣಿಗೆ ಬೀಳುತ್ತದೆ, ಆದರೆ ಅವರ ತೀರ್ಮಾನವನ್ನು ಬದಲಿಸುವುದು ಕಡಿಮೆ.

ಆ ಶೇ. 10ಕ್ಕೆ ಇರುವ ರಾಷ್ಟ್ರಮಟ್ಟದ ಗುರುತು ಆರ್ಡರ್ ಆಫ್ ದಿ ಕಾಯ್ಫ್. ಅದರ ಬೇರು 1902ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಬೇರೊಂದು ಹೆಸರಿನಲ್ಲಿ ಶುರುವಾದ ಸಂಘದಲ್ಲಿದೆ. ಲಾ ಸ್ಕೂಲ್‌ಗಳಲ್ಲಿ ಅರ್ಧಕ್ಕಿಂತ ಕಡಿಮೆ ಕಡೆ ಮಾತ್ರ ಅದರ ಶಾಖೆ ಇದೆ. ಓದಿದ್ದರಲ್ಲಿ ಕನಿಷ್ಠ ಶೇ. 75 ಗ್ರೇಡ್ ಇರುವ ಕೋರ್ಸ್ ಆಗಿರಬೇಕೆಂಬ ನಿಯಮವೂ ಇದೆ. ನಿಮ್ಮ 88ರಲ್ಲಿ ಅದು 66, ಕ್ಲಿನಿಕ್ ಸೇರಿದರೂ ನಿಮಗೆ 82 ಉಳಿಯುತ್ತದೆ, ಆ ಕಡೆಯಿಂದಲೂ ತೊಂದರೆ ಇಲ್ಲ. ಕಾಯ್ಫ್ ಒಂದು ಮಟ್ಟಿಗೆ ಜೀವನವಿಡೀ ಬೆಲೆ ಉಳಿಸಿಕೊಳ್ಳುವ ಗೌರವ. ವಕೀಲರ ಪರಿಚಯಗಳಲ್ಲಿ, ಪದವಿ ಮುಗಿದು ಮೂವತ್ತು ವರ್ಷವಾದವರ ಪುಟದಲ್ಲೂ, ಅದನ್ನು ಕಾಣುತ್ತೀರಿ. ಲಾ ರಿವ್ಯೂ ಸಂಪಾದಕತ್ವವೂ ಹಾಗೆಯೇ. ವಿದ್ಯಾರ್ಥಿಗಳೇ ನಡೆಸುವ ಈ ಪತ್ರಿಕೆಗಳಲ್ಲಿ ಹಾರ್ವರ್ಡ್‌ನದ್ದು 1887ರಿಂದ ನಡೆದುಬಂದಿದೆ. ಪ್ರೊಫೆಸರ್‌ಗಳ ಲೇಖನಗಳ ಅಡಿಟಿಪ್ಪಣಿಗಳನ್ನು ಸಾಲು ಸಾಲು ಪರೀಕ್ಷಿಸಿದ ಅನುಭವ ಅದು, ಮಾಡಿದ ಕೆಲಸದ ಪುರಾವೆ. ಹಾಗಾಗಿ ಬರಿಯ ಅಂಕಿಗಿಂತ ಅದನ್ನು ನಾನು ಹೆಚ್ಚು ನಂಬುತ್ತೇನೆ.

ಈಗ ನಿಮ್ಮ ಕ್ಲರ್ಕ್‌ಶಿಪ್ ಆಸೆಗೆ ಬರುತ್ತೇನೆ. ಇದನ್ನು ನಿಧಾನವಾಗಿ ಓದಿ.

ಗ್ರೇಡ್, ಕಾಯ್ಫ್, ಲಾ ರಿವ್ಯೂ ಇವುಗಳಿಗೆ ಅತಿ ಹೆಚ್ಚು ಬೆಲೆ ಇರುವ ಜಾಗ ಫೆಡರಲ್ ನ್ಯಾಯಾಧೀಶರ ಚೇಂಬರ್. ಒಬ್ಬ ನ್ಯಾಯಾಧೀಶರ ಮುಂದೆ ನೂರಾರು ಅರ್ಜಿ ಬರುತ್ತವೆ, ಕ್ಲರ್ಕ್‌ಗಳು ಬೇಕಾಗುವುದು ಎರಡರಿಂದ ನಾಲ್ಕು ಜನ. ಮೊದಲ ಜರಡಿ ಗ್ರೇಡ್‌ನದ್ದೇ. ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳು ತಲಾ ನಾಲ್ವರಂತೆ ವರ್ಷಕ್ಕೆ 36 ಮಂದಿಯನ್ನು ತೆಗೆದುಕೊಳ್ಳುತ್ತಾರೆ, ಅವರಲ್ಲಿ ತರಗತಿಯ ತುದಿಯಲ್ಲಿ ಇರದವರು ವಿರಳ. ಕಾನೂನು ಪ್ರಾಧ್ಯಾಪಕ ಹುದ್ದೆಗೂ ಇದೇ ಮೆಟ್ಟಿಲು, ಜೊತೆಗೆ ಪ್ರಕಟಿತ ಲೇಖನಗಳು ಬೇಕು.

ಆದರೆ ನಿಮ್ಮ ವೀಸಾ ಎಫ್-1. ಅಮೆರಿಕದ ಮುಖ್ಯ ಭೂಭಾಗದ ಫೆಡರಲ್ ನ್ಯಾಯಾಲಯಗಳಲ್ಲಿ ಕ್ಲರ್ಕ್ ಸಂಬಳ ಕಾಂಗ್ರೆಸ್ ಮಂಜೂರು ಮಾಡಿದ ಹಣದಿಂದ ಬರುತ್ತದೆ. ಆ ಹಣದಿಂದ ಸಂಬಳ ಪಡೆಯಲು ಅಮೆರಿಕದ ಪೌರರಾಗಿರಬೇಕು, ಇಲ್ಲವೇ ಪೌರತ್ವದ ದಾರಿ ಹಿಡಿದ ಗ್ರೀನ್ ಕಾರ್ಡ್‌ದಾರರು, ನಿರಾಶ್ರಿತರು ಮೊದಲಾದ ಕೆಲವೇ ವರ್ಗಗಳಿಗೆ ಸೇರಿರಬೇಕು. ಭಾರತದ ಪಾಸ್‌ಪೋರ್ಟ್, ವಿದ್ಯಾರ್ಥಿ ವೀಸಾ ಇರುವವರು ತರಗತಿಗೇ ಮೊದಲಿಗರಾದರೂ ಸಾಮಾನ್ಯವಾಗಿ ಈ ಗೆರೆಯ ಹೊರಗೆ ಉಳಿಯುತ್ತಾರೆ. 1953ರಿಂದ ನಡೆದುಬಂದಿರುವ ನ್ಯಾಯ ಇಲಾಖೆಯ, ಹೊಸ ವಕೀಲರನ್ನು ನೇಮಿಸಿಕೊಳ್ಳುವ ಅಟಾರ್ನಿ ಜನರಲ್ ಆನರ್ಸ್ ಪ್ರೋಗ್ರಾಂಗೂ ಪೌರತ್ವ ಬೇಕು. ಇದನ್ನು ಯಾರೂ ಮೊದಲೇ ಹೇಳದೆ, ವಿದೇಶಿ ವಿದ್ಯಾರ್ಥಿಗಳು ವರ್ಷಗಟ್ಟಲೆ ಈ ಗುರಿಗಾಗಿ ಗ್ರೇಡ್ ಕೂಡಿಡುವುದನ್ನು ನೋಡಿ ನನಗೆ ಬೇಸರವಾಗಿದೆ. ರಾಜ್ಯಗಳ ನ್ಯಾಯಾಲಯಗಳಿಗೆ ಈ ಫೆಡರಲ್ ನಿರ್ಬಂಧ ಅನ್ವಯಿಸುವುದಿಲ್ಲ, ಅವುಗಳ ನಿಯಮ ಬೇರೆ ಬೇರೆ. ನಿಮಗೆ ತೆರೆದಿರುವ ದಾರಿ ಅದು. ಅಲ್ಲಿ ವಲಸೆ, ಕುಟುಂಬ, ಕ್ರಿಮಿನಲ್ ಪ್ರಕರಣಗಳಲ್ಲಿ ಕೈಯಾರೆ ಕೆಲಸ ಮಾಡಿದವರನ್ನು ನ್ಯಾಯಾಧೀಶರು ಇಷ್ಟಪಡುತ್ತಾರೆ.

ಪದವಿ ನಂತರ ನಿಮಗೆ ಸಿಗುವ ಕೆಲಸದ ಅನುಮತಿ, ಅಂದರೆ ಓ.ಪಿ.ಟಿ., 12 ತಿಂಗಳು ಮಾತ್ರ, ಜೆ.ಡಿ.ಗೆ ವಿಜ್ಞಾನ-ತಂತ್ರಜ್ಞಾನ ಪದವಿಗಳಿಗಿರುವ ವಿಸ್ತರಣೆ ಇಲ್ಲ. ಕಮ್ ಲಾಡೆ ಇದ್ದರೂ ಇಲ್ಲದಿದ್ದರೂ ನಿಮ್ಮ ಪಾಲಿಗೆ ಮುಖ್ಯವಾದದ್ದು ಎಚ್-1ಬಿ ಎಂಬ ಕೆಲಸದ ವೀಸಾಗೆ ಅರ್ಜಿ ಹಾಕಲು ಸಿದ್ಧವಿರುವ ಫರ್ಮ್. ಆ ಪ್ರಶ್ನೆಯನ್ನು ಬೇಸಿಗೆ ಶುರುವಾಗುವ ಮೊದಲೇ ಅಲ್ಲಿನ ನೇಮಕಾತಿ ಅಧಿಕಾರಿಗೆ ನೇರವಾಗಿ ಕೇಳಿ.

ಗೌರವ ಎಷ್ಟೇ ದೊಡ್ಡದಿದ್ದರೂ ಅದು ತಾನಾಗಿ ಮಾತಾಡುವುದಿಲ್ಲ. ಸ್ಯಾಂಡ್ರಾ ಡೇ ಓಕಾನರ್ 1952ರಲ್ಲಿ ಸ್ಟ್ಯಾನ್‌ಫರ್ಡ್‌ನಿಂದ ಕಾಯ್ಫ್ ಗೌರವದೊಡನೆ ಹೊರಬಂದರು, ಲಾ ರಿವ್ಯೂ ಸಂಪಾದಕಿಯೂ ಆಗಿದ್ದರು. ಕ್ಯಾಲಿಫೋರ್ನಿಯಾದ ಫರ್ಮ್‌ಗಳಲ್ಲಿ ಅವರಿಗೆ ವಕೀಲ ಹುದ್ದೆ ಸಿಗಲಿಲ್ಲ, ಒಂದು ಕಡೆ ಸೆಕ್ರೆಟರಿ ಕೆಲಸದ ಮಾತು ಬಂತು. ಕೊನೆಗೆ ಸ್ಯಾನ್ ಮಟೇಯೊ ಕೌಂಟಿ ಅಟಾರ್ನಿ ಕಚೇರಿಯಲ್ಲಿ ಸಂಬಳವಿಲ್ಲದೆ ಕೆಲಸ ಶುರುಮಾಡಿದರು. 1981ರಲ್ಲಿ ಸುಪ್ರೀಂ ಕೋರ್ಟ್‌ನ ಮೊದಲ ಮಹಿಳಾ ನ್ಯಾಯಮೂರ್ತಿಯಾದರು. ಮುಂದೆ ಅದೇ ಕೋರ್ಟ್‌ನ ನ್ಯಾಯಮೂರ್ತಿಯಾದ ರುತ್ ಬೇಡರ್ ಗಿನ್ಸ್‌ಬರ್ಗ್ ಹಾರ್ವರ್ಡ್, ಕೊಲಂಬಿಯಾ ಎರಡೂ ಲಾ ರಿವ್ಯೂಗಳಲ್ಲಿ ಇದ್ದವರು, 1959ರಲ್ಲಿ ಕೊಲಂಬಿಯಾದಲ್ಲಿ ಮೊದಲ ಸ್ಥಾನ ಹಂಚಿಕೊಂಡವರು. ಆದರೂ ನ್ಯೂಯಾರ್ಕ್‌ನ ಒಂದು ಫರ್ಮ್ ಕೂಡ ಅವರನ್ನು ತೆಗೆದುಕೊಳ್ಳಲಿಲ್ಲ. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಕ್ಲರ್ಕ್ ಆಗಿ ಸೇರಿಸಿಕೊಳ್ಳಲು ಒಪ್ಪಲಿಲ್ಲ. ಪ್ರೊಫೆಸರ್ ಜೆರಾಲ್ಡ್ ಗಂಥರ್ ಪಟ್ಟು ಹಿಡಿದು, ಈಕೆಯನ್ನು ತೆಗೆದುಕೊಳ್ಳದಿದ್ದರೆ ಮುಂದೆ ನಿಮಗೆ ಕೊಲಂಬಿಯಾದಿಂದ ಯಾರನ್ನೂ ಶಿಫಾರಸು ಮಾಡುವುದಿಲ್ಲ ಎಂದು ನ್ಯಾಯಾಧೀಶ ಎಡ್ಮಂಡ್ ಪಾಲ್ಮಿಯೆರಿ ಅವರ ಮೇಲೆ ಒತ್ತಡ ಹಾಕಿದ ಮೇಲೆಯೇ ಬಾಗಿಲು ತೆರೆದದ್ದು.

ಅಂದಿನ ಲಿಂಗಭೇದ ಇಂದು ಅದೇ ರೂಪದಲ್ಲಿ ಇಲ್ಲ. ಆದರೆ ನಿಮ್ಮ ಪರವಾಗಿ ಫೋನ್ ಎತ್ತುವ ಒಬ್ಬ ಮೇಷ್ಟರು ಬೇಕು ಎಂಬುದು ಇಂದಿಗೂ ಸತ್ಯ. ಎಂಬತ್ತು ಜನರ ತರಗತಿಯಲ್ಲಿ ಕೂತು ಪರೀಕ್ಷೆ ಬರೆದು ಒಳ್ಳೆಯ ಗ್ರೇಡ್ ಪಡೆದರೆ ಆ ಮೇಷ್ಟರಿಗೆ ನಿಮ್ಮ ಮುಖವೂ ನೆನಪಿರುವುದಿಲ್ಲ. ಕ್ಲಿನಿಕ್‌ನಲ್ಲಿ ಏಳೆಂಟು ವಿದ್ಯಾರ್ಥಿಗಳು, ಒಬ್ಬರು ಮೇಲ್ವಿಚಾರಕರು. ನಿಮ್ಮ ಕರಡು ಅರ್ಜಿಯನ್ನು ಅವರು ಕೆಂಪು ಗೀಟು ಹಾಕಿ ನಾಲ್ಕು ಸಲ ಹಿಂದಿರುಗಿಸುತ್ತಾರೆ, ಐದನೇ ಸಲ ಅದು ಹೇಗೆ ಸುಧಾರಿಸಿತು ಎಂದು ಅವರಿಗೆ ಗೊತ್ತಿರುತ್ತದೆ. ವಲಸೆ ನ್ಯಾಯಾಲಯದಲ್ಲಿ ಮೇಲ್ವಿಚಾರಣೆಯಡಿ ಕಾನೂನು ವಿದ್ಯಾರ್ಥಿಗಳೇ ಕಕ್ಷಿದಾರರ ಪರ ಹಾಜರಾಗಲು ನಿಯಮಗಳಲ್ಲಿ ಅವಕಾಶವಿದೆ. ಆಶ್ರಯ ಕೋರಿ ಬಂದವರ ಕಥೆಯನ್ನು ಗಂಟೆಗಟ್ಟಲೆ ಕೇಳಿ, ತಾರೀಖು ತಾರೀಖು ಹೊಂದಿಸಿ, ನ್ಯಾಯಾಧೀಶರ ಮುಂದೆ ನೀವೇ ಪ್ರಶ್ನೆ ಕೇಳುತ್ತೀರಿ. ಅಂಥವರು ಬರೆಯುವ ಶಿಫಾರಸು ಪತ್ರಕ್ಕೂ, "ಈ ವಿದ್ಯಾರ್ಥಿನಿ ನನ್ನ ಕೋರ್ಸ್‌ನಲ್ಲಿ ಎ ಪಡೆದಿದ್ದಾರೆ" ಎಂಬ ಪತ್ರಕ್ಕೂ ಇರುವ ಅಂತರ ನೇಮಕಾತಿ ಮಾಡುವವರಿಗೆ ಮೊದಲ ಸಾಲಿನಲ್ಲೇ ತಿಳಿಯುತ್ತದೆ.

ವಕೀಲರಾಗಲು ಬರೆಯಬೇಕಾದ ಬಾರ್ ಪರೀಕ್ಷೆಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಸಾಮಾನ್ಯವಾಗಿ ಆನರ್ಸ್ ಇದ್ದವರಿಗೂ ಅದರಿಂದ ವಿನಾಯಿತಿ ಇಲ್ಲ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಆದರೆ 2005ರಲ್ಲಿ ಶುರುವಾದ ಡೇನಿಯಲ್ ವೆಬ್‌ಸ್ಟರ್ ಸ್ಕಾಲರ್ ಆನರ್ಸ್ ಪ್ರೋಗ್ರಾಂ ಇದೆ. ಅದನ್ನು ಮುಗಿಸಿದವರು ಬಾರ್ ಪರೀಕ್ಷೆ ಬರೆಯದೆ ಆ ರಾಜ್ಯದಲ್ಲಿ ವಕೀಲರಾಗಬಹುದು. ಗಮನಿಸಿ, ಅದು ಮುಖ್ಯವಾಗಿ ಪ್ರಾಯೋಗಿಕ ಕೆಲಸದ ಮೇಲೆ ನಿಂತ ಆನರ್ಸ್. ಉಳಿದ ಕಡೆ ಲಾ ಸ್ಕೂಲ್ ಜಿಪಿಎ ಚೆನ್ನಾಗಿದ್ದವರು ಬಾರ್‌ನಲ್ಲೂ ಪಾಸಾಗುವ ಸಾಧ್ಯತೆ ಹೆಚ್ಚು. ಆದರೆ ಆ ಜಿಪಿಎ ಎವಿಡೆನ್ಸ್, ಪ್ರಾಪರ್ಟಿ, ಕ್ರಿಮಿನಲ್ ಲಾದಂಥ ಗಟ್ಟಿ ವಿಷಯಗಳಿಂದ ಬಂದಿರಬೇಕು. ಸೆಮಿನಾರ್‌ಗಳಿಂದ ಏರಿಸಿದ ಜಿಪಿಎ ಪರೀಕ್ಷೆಯ ಕೊಠಡಿಯಲ್ಲಿ ಕೈಕೊಡುತ್ತದೆ. ನಿಮ್ಮ 37 ಕ್ರೆಡಿಟ್‌ಗಳಲ್ಲಿ ಎವಿಡೆನ್ಸ್ ಇನ್ನೂ ಬಾಕಿ ಇದ್ದರೆ ಅದನ್ನು ಮೊದಲು ಸೇರಿಸಿ.

ರೆಸ್ಯೂಮೆಯಲ್ಲಿ ಏನು ಬರೆಯಬೇಕು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಒಂದೊಂದು ಕೋರ್ಸ್‌ನಲ್ಲಿ ಅತಿ ಹೆಚ್ಚು ಅಂಕ ಪಡೆದವರಿಗೆ ಕೊಡುವ ಕ್ಯಾಲಿ ಪ್ರಶಸ್ತಿ ನಿಮಗೆ ಸಿಕ್ಕಿದ್ದರೆ, ಕೋರ್ಸ್‌ನ ಹೆಸರಿನೊಡನೆ ಅದನ್ನು ಬರೆಯಿರಿ. ನಿಮ್ಮಂಥ ಗೆರೆಯಂಚಿನ ಜಿಪಿಎ ಇರುವವರಿಗೆ ಇದು ಕಮ್ ಲಾಡೆಗಿಂತ ಹೆಚ್ಚು ಹೇಳುತ್ತದೆ. ವಲಸೆ ಕಾನೂನಿನಲ್ಲೋ ಆಡಳಿತ ಕಾನೂನಿನಲ್ಲೋ ತರಗತಿಗೆ ಮೊದಲಿಗರು ಎಂಬುದು ಸ್ಪಷ್ಟ ಮಾಹಿತಿ. ಶುಲ್ಕ ಕಟ್ಟಿ ಸದಸ್ಯರಾಗಿ ಎಂದು ಮಿಂಚಂಚೆ ಕಳಿಸುವ "ಗೌರವ ಸಂಘ"ಗಳಿಗೆ ಹಣ ಹಾಕಬೇಡಿ, ಅವನ್ನು ಗುರುತಿಸಬಲ್ಲವರೇ ನಿಮ್ಮ ರೆಸ್ಯೂಮೆ ಓದುತ್ತಾರೆ. 3.46 ಇದ್ದರೆ 3.46 ಎಂದೇ ಬರೆಯಿರಿ, 3.5 ಅಲ್ಲ. ಜೋ ಬೈಡನ್ 1968ರಲ್ಲಿ ಸಿರಾಕ್ಯೂಸ್ ಲಾ ಸ್ಕೂಲ್‌ನಲ್ಲಿ 85 ಜನರಲ್ಲಿ 76ನೆಯವರಾಗಿ ತೇರ್ಗಡೆಯಾದರು. ಆ ಸ್ಥಾನ ಅವರನ್ನು ಅಧ್ಯಕ್ಷ ಪದವಿಯಿಂದ ತಡೆಯಲಿಲ್ಲ. ಆದರೆ ತರಗತಿಯ ಮೇಲಿನ ಅರ್ಧದಲ್ಲಿದ್ದೆ ಎಂದು ಹೇಳಿಕೊಂಡದ್ದು 1987ರಲ್ಲಿ ಬಯಲಾದಾಗ, ಆ ಸಲದ ಅಧ್ಯಕ್ಷೀಯ ಪ್ರಚಾರ ಕುಸಿಯಲು ಕಾರಣವಾದ ಸಂಗತಿಗಳಲ್ಲಿ ಅದೂ ಒಂದಾಯಿತು. ವಕೀಲರಾಗಿ ನೋಂದಾಯಿಸುವ ಮುನ್ನ ಬಾರ್ ನಿಮ್ಮ ನಡತೆಯನ್ನೂ ಪರಿಶೀಲಿಸುತ್ತದೆ ಎಂಬುದನ್ನು ಮರೆಯಬೇಡಿ.

ನಿಮ್ಮ ಸ್ಕಾಲರ್‌ಶಿಪ್ ಪತ್ರವನ್ನೂ ಒಮ್ಮೆ ತೆಗೆದು ಓದಿ. ಕೆಲವು ಶಾಲೆಗಳ ಧನಸಹಾಯ ಇಂತಿಷ್ಟು ಜಿಪಿಎ ಅಥವಾ ಸ್ಥಾನ ಉಳಿಸಿಕೊಂಡರಷ್ಟೇ ಮುಂದುವರಿಯುತ್ತದೆ. ಅಂಥ ಷರತ್ತು ನಿಮಗಿದ್ದರೆ ಕಾಪಾಡಬೇಕಾದ ಗೆರೆ ಅದು; ಮನೆಯವರು ಚಿಂತಿಸುವ ಸಾಲಕ್ಕೆ ನೇರವಾಗಿ ಸಂಬಂಧಿಸಿದ್ದೂ ಅದೇ. ಅಪ್ಪ-ಅಮ್ಮನಿಗೆ ಸಮ್ಮರ್ ಫರ್ಮ್‌ನ ಪತ್ರ ತೋರಿಸಿ ವಿವರಿಸಿ. ಪದವಿಯ ದಿನ ಹೆಸರಿನ ಮುಂದೆ ಏನು ಓದುತ್ತಾರೆ ಎಂಬುದಕ್ಕಿಂತ ಆ ಪತ್ರ ಸಾಲ ತೀರಿಸುವ ಸಾಧ್ಯತೆಗೆ ಹತ್ತಿರದ್ದು.

ಕ್ಲಿನಿಕ್ ಸೀಟಿಗೆ ಒಪ್ಪಿಗೆ ತಿಳಿಸಲು ಕೊನೆಯ ದಿನ ಇರುತ್ತದೆ, ಹಿಂದೆ ಕಾಯುವವರ ಪಟ್ಟಿಯೂ ಇರುತ್ತದೆ. ಈ ವಾರವೇ ಒಪ್ಪಿಗೆ ಕಳಿಸಿ. ಆ ಸೆಮಿಸ್ಟರ್‌ನಲ್ಲಿ ಜೊತೆಗೆ ಎರಡು ಗಟ್ಟಿ ಕೋರ್ಸ್‌ಗಳಿಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ. ಎಫ್-1ಗೆ ಪೂರ್ಣಾವಧಿ ವಿದ್ಯಾರ್ಥಿ ಎನಿಸಿಕೊಳ್ಳಲು ಎಷ್ಟು ಕ್ರೆಡಿಟ್ ಬೇಕು ಎಂದು ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಲ್ಲಿ ಮೊದಲೇ ವಿಚಾರಿಸಿ, ಆಮೇಲೆ ಕೋರ್ಸ್‌ಗಳನ್ನು ಅಂತಿಮಗೊಳಿಸಿ.